ಕಾಡಿರುವೆ ಸಾಕಬೇಕೆಂದವನಿಗೆ

ಚಿ. ಸುಹಾಸನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಜರ್ಮನಿಯ ಕಾಡಲ್ಲಿ ಸೊಂಟದೆತ್ತರದ ಇರುವೆ ಗೂಡು ನೋಡಿದೆ, ಒಂದು ಡಬ್ಬಿ ಇರುವೆ ತಂದು ರೂಮಲ್ಲಿ ಸಾಕಲಾ ಅಂತ ಕೇಳಿದ್ದೀಯ. ಬೇಡ ಕಣೋ. ಅಲ್ಲಿ ಈ ಕೆಂಪು ಕಾಡಿರುವೆಗೆ ಕಾನೂನಿನ ರಕ್ಷಣೆಯಿದೆ. ಪಕ್ಕದ ಸ್ವಿಟ್ಜರ್ಲೆಂಡಿನಲ್ಲಂತೂ 1966ರಿಂದಲೇ ಇದೆ.

ಕಾನೂನು ಹಾಗಿರಲಿ, ಸಾಕಿದರೂ ಉಳಿಯಲ್ಲ. ರಾಣಿಯಿಲ್ಲದ ಕೆಲಸಗಾರ ಇರುವೆಗಳು ಒಂದೊಂದಾಗಿ ಸತ್ತು ಮುಗಿಯುತ್ತವೆ. ರಾಣಿಯೇ ಸಿಕ್ಕಿದರೂ ಅವಳೊಬ್ಬಳೇ ಸಂಸಾರ ಹೂಡಲಾರಳು. ಫಾರ್ಮಿಕಾ ಫುಸ್ಕಾ ಅನ್ನೋ ಕಪ್ಪಿರುವೆಯ ಗೂಡಿಗೆ ನುಗ್ಗುತ್ತಾಳೆ. ಆ ಮನೆಯ ರಾಣಿ ಸತ್ತುಹೋಗಿ, ಇವಳ ಮಕ್ಕಳನ್ನು ಅಲ್ಲಿನ ಆಳುಗಳೇ ಸಾಕುತ್ತವೆ. ಇಲ್ಲವೇ ತಾಯಿಗೂಡಿನಲ್ಲೇ ಉಳಿಯುತ್ತಾಳೆ. ಕೆಲವು ಗೂಡಲ್ಲಿ ನೂರಾರು ರಾಣಿಯರು! ಇದನ್ನೆಲ್ಲ ಟೆಸ್ಟ್ ಟ್ಯೂಬಲ್ಲಿ ಆಡಿಸೋಕಾಗುತ್ತಾ?

ಆ ಗುಡ್ಡೆ ಬರೀ ಕಸದ ರಾಶಿಯಲ್ಲ. ಪೈನ್ ಮರದ ಸೂಜಿಯಂಥ ಎಲೆಗಳ ಹೊದಿಕೆ ಹುಲ್ಲುಮಾಡಿನ ಹಾಗೆ ಮಳೆ ಜಾರಿಸುತ್ತದೆ, ಒಳಗಿನ ಬಿಸಿಯನ್ನೂ ಹಿಡಿದಿಡುತ್ತದೆ. ಹಿಮ ಕರಗಿದ ಮೇಲೆ ಹೋಗಿ ನೋಡು. ಇರುವೆಗಳು ಗುಡ್ಡೆಯ ಮೇಲೆ ದಟ್ಟವಾಗಿ ಮುತ್ತಿ ಬಿಸಿಲು ಕಾಯಿಸಿಕೊಳ್ಳುತ್ತವೆ. ಮೈ ಕಾದ ಮೇಲೆ ಒಳಗೆ ಹೋಗಿ ಆ ಶಾಖವನ್ನು ಗೂಡಿಗೆ ಕೊಡುತ್ತವೆ. ಮರದ ರಾಳದ ಚೂರುಗಳನ್ನೂ ಹೊತ್ತು ತರುತ್ತವೆ; ಅದರಿಂದ ಬೂಷ್ಟು, ಬ್ಯಾಕ್ಟೀರಿಯಾ ಕಡಿಮೆ. ಚಳಿಗಾಲಕ್ಕೆ ನೆಲದಡಿ ಇಳಿಯುತ್ತವೆ. ಸುಮ್ನೆ ಕುತೂಹಲಕ್ಕೆ ಯಾರೋ ಕೋಲು ಚುಚ್ಚಿದರೆ ಇಷ್ಟೂ ಕೆಡುತ್ತದೆ. ನೀನು ಅವುಗಳಿಗೆ ಮಾಡಬಹುದಾದ ಆರೈಕೆ ಅಂದರೆ ಕೋಲು ಚುಚ್ಚುವವರನ್ನು ತಡೆಯುವುದು, ಅಷ್ಟೇ.

ಗೂಡಿನ ಮೇಲೆ ಒಂದು ಗೇಣು ಎತ್ತರದಲ್ಲಿ ಅಂಗೈ ಹಿಡಿದು ತೆಗೆದು ಮೂಸು. ಮುಖ ಹತ್ತಿರ ಒಯ್ಯಬೇಡ. ಮೂಗಿಗೆ ಹೊಡೆಯುವ ಆ ಹುಳಿ ವಾಸನೆ ಫಾರ್ಮಿಕ್ ಆಮ್ಲದ್ದು. ಹೊಟ್ಟೆ ಮಡಚಿ ಚಿಮ್ಮಿಸುತ್ತವೆ. ಮುಚ್ಚಿದ ಡಬ್ಬಿಯಲ್ಲಿ ಆ ಆವಿಗೆ ಅವೇ ಸಾಯಬಹುದು. ಆಮೇಲೆ ಇರುವೆ ಸಾಲಿನ ಜಾಡು ಹಿಡಿದು ಮರದವರೆಗೂ ಹೋಗು. ಮೀಸೆಯಿಂದ ಗಿಡಹೇನನ್ನು ತಟ್ಟಿ, ಅದು ಬಿಡುವ ಸಿಹಿ ಹನಿ ಕುಡಿಯುವುದು ಕಾಣುತ್ತದೆ. ಹೊಟ್ಟೆಪಾಡು ಜಾಸ್ತಿ ಅದರಿಂದಲೇ.

ಸಾಕಲೇಬೇಕಾ? ಹಾಗಾದರೆ ಲೇಸಿಯಸ್ ನೈಗರ್ ಅನ್ನೋ ತೋಟದ ಕಪ್ಪಿರುವೆ ಹಿಡಿ, ಆಗ ಹೇಳಿದ ಕಪ್ಪಿರುವೆಯಲ್ಲ, ಇದು ಬೇರೆ. ಬೇಸಿಗೆಯಲ್ಲಿ ಹಾರಾಟ ಮುಗಿಸಿ ರೆಕ್ಕೆ ಉದುರಿಸಿದ ರಾಣಿ ನೆಲದ ಮೇಲೆ ಓಡಾಡುತ್ತಿರುತ್ತಾಳೆ. ಟೆಸ್ಟ್ ಟ್ಯೂಬಿನ ತುದಿಗೆ ನೀರು, ಅದಕ್ಕೆ ಅಡ್ಡ ಹತ್ತಿ, ಈಚೆಗೆ ರಾಣಿ. ಕತ್ತಲಲ್ಲಿ ಇಟ್ಟು ಮರೆತುಬಿಡು. ಮೊದಲ ಮಕ್ಕಳು ಹುಟ್ಟುವವರೆಗೆ ಊಟ ಬೇಡ, ರೆಕ್ಕೆಯ ಸ್ನಾಯು ಕರಗಿಸಿಕೊಂಡೇ ಬದುಕುತ್ತಾಳೆ. ದಿನಾ ಎತ್ತಿ ನೋಡಬೇಡ. ಚಳಿಗಾಲದಲ್ಲಿ ತಂಪಾದ ಜಾಗ ಬೇಕು. ಒಂದು ಮಾತು, ಸಾಕಿದ ರಾಣಿಯೊಂದು 28 ವರ್ಷ ದಾಟಿ ಬದುಕಿದ್ದುಂಟು. ಮನೆ ಬದಲಿಸುವಾಗಲೆಲ್ಲ ಜೊತೆಗೆ ಒಯ್ಯಲು ತಯಾರಿದ್ದೀಯಾ, ಯೋಚಿಸಿ ಬರೆ.

ಇಂತಿ,
ನಿನ್ನ ದೊಡ್ಡಪ್ಪ