ಐದು ನಿಮಿಷ, ಒಂದು ಪಟ್ಟಿ: ಮ್ಯಾಂಚೆಸ್ಟರಿನಿಂದ ಗದಗಿನ ಮನೆಗೆ

ಪ್ರೀತಿಯ ಅಪ್ಪ, ಅವ್ವ ಮತ್ತು ತಮ್ಮನಿಗೆ,

ನಾನಿಲ್ಲಿ ಆರಾಮ ಇದ್ದೇನೆ. ನೀವೆಲ್ಲರೂ ಆರಾಮ ಇದ್ದೀರಿ ಅಂತ ನಂಬಿದ್ದೇನೆ. ಇಲ್ಲಿ ಚಳಿ ಇಳಿದಿದೆ, ಈಗ ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ.

ತಮ್ಮಾ, ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಅರ್ಧ ಮಾತ್ರ ಹೇಳಿದೆ, ಅಷ್ಟರಲ್ಲಿ ನನ್ನ ಬಸ್ಸು ಬಂತು. ಗದಗಿನಲ್ಲಿ ತಿಂಗಳಿಗೊಮ್ಮೆ ಕೂತು ಕವಿತೆ, ಕಥೆ ಓದುವ ಕೂಟ ಶುರು ಮಾಡಬೇಕು, ನಿಮ್ಮಲ್ಲಿ ಹೆಂಗ ಮಾಡ್ತಾರ ಅಂತ ಕೇಳಿದೆಯಲ್ಲ, ಅದನ್ನು ನಿಧಾನಕ್ಕೆ ಬರೆದು ಹೇಳಿದರೇ ಸರಿ ಅನಿಸಿತು. ಅಪ್ಪ, ಅವ್ವ ಕೂಡ ಓದಲಿ. ಅವರಿಗೂ ಇದರಲ್ಲಿ ಕೆಲಸ ಇದೆ.

ಇಲ್ಲಿ ಇದಕ್ಕೆ ಓಪನ್ ಮೈಕ್ ಅನ್ನುತ್ತಾರೆ. ಜಾಸ್ತಿ ನಡೆಯುವುದು ಪಬ್ಬುಗಳ ಹಿಂದಿನ ಖೋಲಿಯಲ್ಲಿ, ಇಲ್ಲವೇ ಮಹಡಿಯ ಮೇಲೆ. ಅವ್ವಾ, ಪಬ್ಬು ಅಂದ ಕೂಡಲೇ ಚಿಂತೆ ಮಾಡಬೇಡ. ಇಲ್ಲಿನ ಜನ ಸಂಜೆ ಕೂಡುವ ಜಾಗವೇ ಅದು. ವಯಸ್ಸಾದವರು ಬರುತ್ತಾರೆ, ಕಾಲೇಜಿನ ಹುಡುಗಿಯರು ಒಬ್ಬೊಬ್ಬರೇ ಬರುತ್ತಾರೆ. ನಾನು ಹಣ್ಣಿನ ರಸ ತಗೊಂಡು ಕೂತಿರುತ್ತೇನೆ, ಯಾರೂ ಏನೂ ಅನ್ನುವುದಿಲ್ಲ. ವಾರದ ನಡುವೆ ವ್ಯಾಪಾರ ಕಡಿಮೆ ಇರುವ ದಿನ ನೋಡಿ ಪಬ್ಬಿನವರು ಖೋಲಿ ಬಿಟ್ಟುಕೊಡುತ್ತಾರೆ. ಬಂದವರು ಏನಾದರೂ ತಗೊಂಡರೆ ಅವರಿಗೂ ನಾಲ್ಕು ಕಾಸು ಆಗುತ್ತದೆ. ಬಾಡಿಗೆಯ ತಲೆನೋವು ಅಲ್ಲಿಗೆ ಮುಗಿಯಿತು.

ಬಾಗಿಲ ಹತ್ತಿರ ಒಂದು ಟೇಬಲ್ಲು, ಅದರ ಮೇಲೆ ಒಂದು ಹಾಳೆ, ಒಂದು ಪೆನ್ನು. ಓದುವವರು ಬಂದ ಹಾಗೆ ಹೆಸರು ಬರೆಯುತ್ತಾರೆ. ಗೆರೆ ಮುಗಿದರೆ ಪಟ್ಟಿ ಮುಗಿಯಿತು, ಉಳಿದವರು ಮುಂದಿನ ತಿಂಗಳು. ಪರಿಚಯ ಇರಬೇಕಿಲ್ಲ, ಪುಸ್ತಕ ಬಂದಿರಬೇಕಿಲ್ಲ, ಯಾರೂ ಕರೆದಿರಬೇಕಿಲ್ಲ. ಒಬ್ಬರಿಗೆ ಐದು ನಿಮಿಷ. ಕೆಲವು ಕಡೆ ನಾಲ್ಕು, ಆದರೆ ಎಷ್ಟು ಅಂದಿರುತ್ತಾರೋ ಅಷ್ಟೇ. ಹೊತ್ತು ಮೀರಿದರೆ ನಡೆಸಿಕೊಡುವವರು ಎದ್ದು ನಿಲ್ಲುತ್ತಾರೆ, ಬೈಯುವುದಿಲ್ಲ, ಸುಮ್ನೆ ನಿಲ್ಲುತ್ತಾರೆ, ಓದುವವರು ಆ ಸಾಲು ಮುಗಿಸಿ ಇಳಿಯುತ್ತಾರೆ. ಪ್ರೊಫೆಸರರಿಗೂ ಅದೇ ಐದು ನಿಮಿಷ, ಮೊದಲ ಸಲ ಬಂದ ಹುಡುಗನಿಗೂ ಅದೇ ಐದು ನಿಮಿಷ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು.

ಹೋದ ತಿಂಗಳು ಒಬ್ಬ ಹಿರಿಯರು ಓದಿದರು. ಬಸ್ ಡ್ರೈವರ್ ಆಗಿದ್ದು ನಿವೃತ್ತಿಯಾದವರಂತೆ. ಕೋಟಿನ ಒಳಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಹಾಳೆ ತೆಗೆದರು, ಇನ್ನೊಂದು ಜೇಬಿನಿಂದ ಚಾಳೀಸು ತೆಗೆದು ಹಾಕಿಕೊಂಡರು. ಮೈಕು ಅವರಿಗೆ ಎತ್ತರ ಆಗಿತ್ತು. ನಡೆಸಿಕೊಡುವ ಹುಡುಗಿ ಬಂದು ಅದನ್ನು ಕೆಳಗಿಳಿಸಿ, ಮೊದಲ ಸಲ ಓದುತ್ತಿದ್ದಾರೆ ಅಂತ ಜನರಿಗೆ ಹೇಳಿದಳು. ಅವರು ಬಾಯಿ ತೆರೆಯುವ ಮುಂಚೆಯೇ ಇಡೀ ಖೋಲಿ ಚಪ್ಪಾಳೆ ತಟ್ಟಿತು. ಬೆಳಗಿನ ಜಾವ ಮೊದಲ ಬಸ್ಸಿಗೆ ಹತ್ತುವ ಕಸ ಗುಡಿಸುವವರು, ಆಸ್ಪತ್ರೆಯ ನೆಲ ಒರೆಸುವವರು, ಅವರಲ್ಲಿ ಒಬ್ಬಾಕೆ ದಿನಾ ಅದೇ ಸೀಟಿನಲ್ಲಿ ಕೂತು ನಿದ್ದೆ ಮಾಡುತ್ತಿದ್ದಳು, ಅವಳ ಸ್ಟಾಪು ಬಂದಾಗ ಇವರು ಸ್ವಲ್ಪ ಜೋರಾಗಿ ಬ್ರೇಕು ಹಾಕುತ್ತಿದ್ದರು. ಅಷ್ಟೇ ಕವಿತೆ. ಪ್ರಾಸ ಅಲ್ಲಲ್ಲಿ ತಪ್ಪಿತ್ತು. ನನ್ನ ಪಕ್ಕದಲ್ಲಿದ್ದ ನರ್ಸು ಕಣ್ಣು ಒರೆಸಿಕೊಂಡಳು. ಆ ಹಿರಿಯರನ್ನು ಯಾವ ಸಾಹಿತ್ಯ ಸಭೆಯೂ ಕರೆಯುತ್ತಿರಲಿಲ್ಲ, ಪಟ್ಟಿ ಇತ್ತು ಅಂತ ಅವರ ಕವಿತೆ ನಮಗೆ ಸಿಕ್ಕಿತು.

ಪಟ್ಟಿಯವರ ನಡುವೆ ಒಬ್ಬ ಮುಖ್ಯ ಕವಿ ಇರುತ್ತಾರೆ, ಅವರಿಗೆ ಇಪ್ಪತ್ತು ನಿಮಿಷ. ಬಾಗಿಲಲ್ಲಿ ಕೂಡಿದ ದುಡ್ಡು ಅವರಿಗೆ ಹೋಗುತ್ತದೆ, ಅವರ ಪುಸ್ತಕ ಅಲ್ಲೇ ಮಾರಾಟಕ್ಕಿರುತ್ತದೆ. ದೊಡ್ಡ ಕವಿಯನ್ನು ಕೇಳಲು ಬಂದವರು ಹೊಸಬರನ್ನೂ ಕೇಳುತ್ತಾರೆ, ಹೊಸಬರ ಗೆಳೆಯರು ದೊಡ್ಡ ಕವಿಯನ್ನು ಕೇಳುತ್ತಾರೆ. ನಡುವೆ ಕಾಲು ತಾಸು ಬಿಡುವು. ಆ ಬಿಡುವನ್ನು ನೀನು ಕಡಿಮೆ ಮಾಡಬೇಡ ತಮ್ಮಾ, ಓದಿದವರ ಹತ್ತಿರ ಹೋಗಿ ಜನ ಮಾತಾಡುವುದು ಆಗಲೇ.

ನೀನು ಸ್ಲ್ಯಾಮ್ ಬಗ್ಗೆನೂ ಕೇಳಿದೆ, ಅಂದರೆ ಕವಿತೆ ಹೇಳುವ ಸ್ಪರ್ಧೆ. ಅದು ಹುಟ್ಟಿದ್ದು ಅಮೆರಿಕದ ಶಿಕಾಗೊದಲ್ಲಿ. ಮಾರ್ಕ್ ಸ್ಮಿತ್ ಅಂತ ಕಟ್ಟಡ ಕೆಲಸ ಮಾಡುತ್ತಿದ್ದ ಕವಿ, 1986ರಲ್ಲಿ ಗ್ರೀನ್ ಮಿಲ್ ಎಂಬ ಜಾಝ್ ಕ್ಲಬ್ಬಿನಲ್ಲಿ ಇದನ್ನು ನೆಲೆ ನಿಲ್ಲಿಸಿದ. ಕೇಳಲು ಬಂದವರಲ್ಲೇ ಐದು ಜನರನ್ನು ಆರಿಸಿ ಅಂಕ ಕೊಡಿಸುತ್ತಾರೆ, ಸೊನ್ನೆಯಿಂದ ಹತ್ತು. ಎಲ್ಲಕ್ಕಿಂತ ಜಾಸ್ತಿ ಮತ್ತು ಎಲ್ಲಕ್ಕಿಂತ ಕಡಿಮೆ ಕೊಟ್ಟದ್ದನ್ನು ಬಿಟ್ಟು ಉಳಿದ ಮೂರನ್ನು ಕೂಡುತ್ತಾರೆ. ಮೂರು ನಿಮಿಷ ಹೊತ್ತು, ವಾದ್ಯ ಇಲ್ಲ, ವೇಷ ಇಲ್ಲ. ಹುಡುಗರನ್ನು ಸೆಳೆಯಲು ಇದರಷ್ಟು ಒಳ್ಳೆಯದು ಇಲ್ಲ, ಒಪ್ಪುತ್ತೇನೆ. ಆದರೆ ಕೇಳುತ್ತಾ ಕೇಳುತ್ತಾ ನನಗೆ ಒಂದು ಗೊತ್ತಾಯಿತು. ಗೆಲ್ಲುವುದು ಹೆಚ್ಚಾಗಿ ಗಟ್ಟಿ ದನಿಯ, ಸಿಟ್ಟಿನ, ಕೊನೆಗೆ ಚಪ್ಪಾಳೆ ಗಿಟ್ಟಿಸುವ ಕವಿತೆ. ಆ ಬಸ್ ಡ್ರೈವರ್ ಕವಿತೆ ಅಲ್ಲಿ ಮೊದಲ ಸುತ್ತಿಗೇ ಹೊರಗೆ ಹೋಗುತ್ತದೆ.

ಸ್ಪರ್ಧೆ ಬೇಕೇ ಬೇಕು ಅಂದರೆ ನಮ್ಮ ಹರದೇಶಿ-ನಾಗೇಶಿ ಇಲ್ವಾ? ಅವ್ವಾ, ನಿಮ್ಮೂರ ಜಾತ್ರೆಯಲ್ಲಿ ರಾತ್ರಿಯಿಡೀ ಗೀಗೀ ಪದ ಕೇಳಿದ್ದನ್ನು ನೀನೇ ಎಷ್ಟು ಸಲ ಹೇಳಿದ್ದೀ. ಒಂದು ಮೇಳ ಹರದೇಶಿ ಪಕ್ಷ ಹಿಡಿದು ಗಂಡು ಹೆಚ್ಚು, ಶಿವ ಹೆಚ್ಚು ಅನ್ನುತ್ತದೆ. ಇನ್ನೊಂದು ನಾಗೇಶಿ, ಹೆಣ್ಣು ಹೆಚ್ಚು, ಶಕ್ತಿ ಹೆಚ್ಚು ಅನ್ನುತ್ತದೆ. ದಪ್ಪು, ತುಂತುಣಿ ಬಾರಿಸಿಕೊಂಡು ಒಬ್ಬರು ಸವಾಲು ಹಾಕಿದರೆ ಇನ್ನೊಬ್ಬರು ಅದಕ್ಕೆ ಪದದಲ್ಲೇ ಜವಾಬು ಕೊಡಬೇಕು. ಸ್ಲ್ಯಾಮಿನಲ್ಲಿ ಎದುರಿನವರು ಏನು ಓದಿದರು ಅಂತ ಕೇಳದೇ ಹೋದರೂ ನೀನು ಗೆಲ್ಲಬಹುದು. ಹರದೇಶಿ-ನಾಗೇಶಿಯಲ್ಲಿ ಎದುರಿನವರ ಒಂದು ಮಾತು ಕಿವಿ ತಪ್ಪಿದರೂ ನೀನು ಸೋತೆ. ನನ್ನ ಮಟ್ಟಿಗೆ ನಮ್ಮದೇ ಕಠಿಣ, ನಮ್ಮದೇ ಚಂದ. ನಿನ್ನ ಕೂಟದಲ್ಲಿ ಹಾಗೇ ಮಾಡಿ ನೋಡು: ಈ ತಿಂಗಳು ಒಬ್ಬರು ಓದಿದ ಕವಿತೆಗೆ ಮುಂದಿನ ತಿಂಗಳು ಇನ್ನೊಬ್ಬರು ಜವಾಬು ಬರೆದು ತರಲಿ. ಅಂಕ ಯಾಕೆ ಬೇಕು?

ಈ ಮ್ಯಾಂಚೆಸ್ಟರಿಗೆ 2017ರಲ್ಲಿ ಯುನೆಸ್ಕೊದವರು ಸಾಹಿತ್ಯ ನಗರ ಅಂತ ಮನ್ನಣೆ ಕೊಟ್ಟರು. ಅದೇ ವರ್ಷ ಮೇ 22ರ ರಾತ್ರಿ ಇಲ್ಲಿನ ಅರೀನಾದಲ್ಲಿ ಹಾಡಿನ ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಬಾಂಬು ಸಿಡಿದು 22 ಜನ ಸತ್ತರು, ಅದರಲ್ಲಿ ಮಕ್ಕಳೂ ಇದ್ದರು. ಮರುದಿನ ಸಂಜೆ ಆಲ್ಬರ್ಟ್ ಸ್ಕ್ವೇರಿನಲ್ಲಿ ಸಾವಿರಾರು ಜನ ಸೇರಿದಾಗ ಟೋನಿ ವಾಲ್ಶ್ ಎಂಬ ಇಲ್ಲಿಯದೇ ಕವಿ ಈ ಊರಿನ ಬಗ್ಗೆ ತಾವು ಮೊದಲೇ ಬರೆದಿದ್ದ ಕವಿತೆಯನ್ನು ನಿಂತು ಹೇಳಿದರು. ನಾನು ವಿಡಿಯೊದಲ್ಲಿ ನೋಡಿದ್ದು. ಜನ ಅಳುತ್ತಾರೆ, ನಡುವೆ ನಗುತ್ತಾರೆ, ಕೂಗಿ ಹೂಂ ಅನ್ನುತ್ತಾರೆ. ಅಷ್ಟು ದುಃಖದಲ್ಲಿ ಒಂದು ಕವಿತೆಯನ್ನು ಕೇಳಿಸಿಕೊಳ್ಳಲು ಆ ಜನಕ್ಕೆ ಆಯಿತಲ್ಲ, ಅದಕ್ಕೆ ಈ ಸಣ್ಣ ಸಣ್ಣ ಖೋಲಿಗಳ ರೂಢಿಯೂ ಒಂದು ಕಾರಣ ಅಂತ ನನಗೆ ಬಲವಾಗಿ ಅನಿಸುತ್ತದೆ.

ಇಲ್ಲಿನ ಮೆಟ್ರೊಪಾಲಿಟನ್ ಯೂನಿವರ್ಸಿಟಿಯಲ್ಲಿ 2021ರಲ್ಲಿ ಕವಿತೆಗೇ ಅಂತ ಒಂದು ಲೈಬ್ರರಿ ತೆರೆದರು, ಯಾರು ಬೇಕಾದರೂ ಹೋಗಬಹುದು. ಫೆಬ್ರವರಿ 21ರ ಮಾತೃಭಾಷಾ ದಿನದ ಹೊತ್ತಿಗೆ ಊರಲ್ಲಿ ಬೇರೆ ಬೇರೆ ಭಾಷೆಯವರು ತಮ್ಮ ತಮ್ಮ ಕವಿತೆ ಓದುತ್ತಾರೆ. ಅಪ್ಪಾ, ಈ ವರ್ಷ ಅಂಥ ಒಂದು ಕೂಟದಲ್ಲಿ ನಾನು ಕುಮಾರವ್ಯಾಸನ ಎರಡು ಪದ್ಯ ಹೇಳಿದೆ. ನೀವು ಬೆಳಿಗ್ಗೆ ವರಾಂಡದಲ್ಲಿ ಕೂತು ಹೇಳುವ ರೀತಿಯಲ್ಲೇ ಹೇಳಿದೆ, ಗಮಕ ಕಲಿತವರ ಹಾಗೆ ಅಲ್ಲ. ಆಮೇಲೆ ಇಂಗ್ಲಿಷಿನಲ್ಲಿ ಅರ್ಥ ಹೇಳಿ, ಕೋಳಿವಾಡದ ಈ ಕವಿ ನಮ್ಮೂರ ವೀರನಾರಾಯಣ ಗುಡಿಯಲ್ಲಿ ಕೂತು ಭಾರತ ಬರೆದ ಅಂತ ನಾವು ನಂಬುತ್ತೇವೆ, ಆ ಕಂಬ ಇನ್ನೂ ತೋರಿಸುತ್ತಾರೆ ಅಂದೆ. ಡ್ರಮ್ ಬಾರಿಸುವ ಹುಡುಗನೊಬ್ಬ ಬಂದು ಅದರಲ್ಲಿ ಮೂರು, ನಾಲ್ಕು, ಮೂರು, ನಾಲ್ಕು ಎಣಿಕೆ ಇದೆ ಅಲ್ವಾ ಅಂತ ಟೇಬಲ್ಲಿನ ಮೇಲೆ ಬೆರಳಿನಿಂದ ತಟ್ಟಿ ತೋರಿಸಿದ. ಕನ್ನಡದ ಒಂದು ಅಕ್ಷರ ಬರದವನು ಭಾಮಿನಿ ಷಟ್ಪದಿಯ ನಡೆಯನ್ನು ಕಿವಿಯಲ್ಲೇ ಹಿಡಿದಿದ್ದ. ಮೂರನೆಯ ಸಾಲು, ಆರನೆಯ ಸಾಲು ಮಾತ್ರ ಉದ್ದ ಯಾಕೆ ಅಂತ ಕೇಳಿದ. ನನಗೆ ತಿಳಿದಷ್ಟು ಹೇಳಿದೆ. ನೀವು ಇದ್ದಿದ್ದರೆ ಇನ್ನೂ ಚೆನ್ನಾಗಿ ಹೇಳುತ್ತಿದ್ದಿರಿ.

ತಮ್ಮಾ, ನಮ್ಮ ಕಡೆ ಕೇಳುವವರಿಗೆ ಬರ ಇಲ್ಲ. ತೋಂಟದಾರ್ಯ ಮಠದಲ್ಲಿ ಸೋಮವಾರದ ಶಿವಾನುಭವಕ್ಕೆ ಅಂಗಡಿ ಮುಚ್ಚಿ ಬಂದು ಕೂಡುವವರನ್ನು ನಾವು ನೋಡಿಲ್ವಾ? ಧಾರವಾಡದಲ್ಲಿ ವಿದ್ಯಾವರ್ಧಕ ಸಂಘ 1890ರಿಂದ ಇದೆ, 2013ರಲ್ಲಿ ಸಾಹಿತ್ಯ ಸಂಭ್ರಮ ಶುರುವಾದಾಗ ಜನ ಬುತ್ತಿ ಕಟ್ಟಿಕೊಂಡು ಹೋದರು. 2023ರ ಜನವರಿಯಲ್ಲಿ ಹಾವೇರಿಯ ಸಮ್ಮೇಳನಕ್ಕೆ ನಮ್ಮ ಓಣಿಯವರೇ ಎಷ್ಟು ಮಂದಿ ಹೋಗಿದ್ದರು. ಶಿಶುನಾಳದ ಶರೀಫಜ್ಜನ ಪದಗಳು ಅಚ್ಚಾಗುವ ಮುಂಚೆ ಊರೂರಿನ ಬಾಯಲ್ಲೇ ಉಳಿದು ಬಂದವು. ನಮ್ಮಲ್ಲಿ ಇಲ್ಲದ್ದು ಒಂದೇ, ಮೊದಲ ಸಲ ಓದುವವರಿಗೆ ಒಂದು ಜಾಗ. ಕವಿಗೋಷ್ಠಿ ಅಂದರೆ ಕರೆದವರಿಗೆ ಮಾತ್ರ. ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಹಾರ, ಶಾಲು ಎಲ್ಲ ಮುಗಿಯುವ ಹೊತ್ತಿಗೆ ಕವಿಗಳಿಗೆ ಉಳಿಯುವುದು ಎರಡೆರಡು ನಿಮಿಷ, ಅದೂ ಜನ ಊಟಕ್ಕೆ ಎದ್ದ ಮೇಲೆ. ಡಿಗ್ರಿ ಓದುವಾಗ ಅಂಥ ಒಂದು ಗೋಷ್ಠಿಯಲ್ಲಿ ನನ್ನ ಹೆಸರು ಕರೆಯಲೇ ಇಲ್ಲ, ಹೊತ್ತಾಯಿತು ಅಂದರು. ಆಮೇಲೆ ನಾನು ಬಹಳ ವರ್ಷ ಎಲ್ಲೂ ಓದಲಿಲ್ಲ. ನಿನ್ನ ಪಟ್ಟಿಯಲ್ಲಿ ಹೆಸರು ಬರೆದ ಯಾರಿಗೂ ಹಾಗೆ ಆಗದಂತೆ ನೋಡಿಕೋ.

ಜಾಗಕ್ಕೆ ಕಾಕಾನ ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ಖೋಲಿ ಕೇಳು. ಭಾನುವಾರ ಮಶೀನು ಬಂದ್ ಇರುತ್ತದೆ, ಸದ್ದಿರುವುದಿಲ್ಲ. ಕಾಗದದ ಬಂಡಲ್ಲುಗಳನ್ನು ಗೋಡೆಗೆ ಸರಿಸಿದರೆ ಮೂವತ್ತು ಜನಕ್ಕೆ ಧಾರಾಳ ಆಗುತ್ತದೆ. ಅಷ್ಟು ಸಣ್ಣ ಖೋಲಿಗೆ ಮೈಕೂ ಬೇಡ. ಜಮಖಾನೆ ಹಾಸಿ, ಹಿರಿಯರಿಗೆ ನಾಲ್ಕು ಕುರ್ಚಿ ಇಡು. ವೇದಿಕೆ ಬೇಡ, ಅಧ್ಯಕ್ಷರು ಬೇಡ, ಬ್ಯಾನರು ಬೇಡ. ಪ್ರತಿ ತಿಂಗಳು ಎರಡನೇ ಭಾನುವಾರ ಅಂದರೆ ಎರಡನೇ ಭಾನುವಾರವೇ, ಮಳೆ ಬರಲಿ, ಮದುವೆ ಇರಲಿ, ಐದೇ ಜನ ಬರಲಿ. ಇಲ್ಲಿನ ಕೂಟಗಳು ಉಳಿದಿರುವುದು ದಿನ ಬದಲಾಯಿಸದೇ ಇರುವುದರಿಂದ. ಬಿಡುವಿನಲ್ಲಿ ಗಿರಮಿಟ್ಟು, ಬದನೆಕಾಯಿ ಬಜ್ಜಿ, ಚಹಾ ಸಾಕು, ಖರ್ಚಿಗೆ ಡಬ್ಬಿ ಇಡು, ಕೈಲಾದಷ್ಟು ಹಾಕುತ್ತಾರೆ. ಮೊದಲ ಮೂರು ತಿಂಗಳಿಗೆ ನಾನು ಕಳಿಸುತ್ತೇನೆ. ರೆಕಾರ್ಡು ಮಾಡುವ ಮುಂಚೆ ಓದುವವರನ್ನು ಕೇಳು, ಬೇಡ ಅಂದರೆ ಮಾಡಬೇಡ. ಮೊದಲ ಸಲ ಬಂದ ಹುಡುಗಿಯರಿಗೆ ಇದು ಬಹಳ ಮುಖ್ಯ. ಬೆಟಗೇರಿಯ ನೇಕಾರರ ಮನೆ ಹುಡುಗರಿಗೆ ಹೇಳು, ಮುಳಗುಂದ ನಾಕಾದ ಗ್ಯಾರೇಜಿನ ಹುಡುಗರಿಗೂ ಹೇಳು. ಮೊಹರಂ ಹೊತ್ತಿಗೆ ರಿವಾಯತ್ ಪದ ಹಾಡುವವರನ್ನು ನೀನೇ ಮನೆಗೆ ಹೋಗಿ ಕರೆದು ಬಾ, ಹಾಡಿದರೂ ಅದು ಮಾತೇ. ಧಾರವಾಡದ ಆಡುಮಾತಿನಲ್ಲಿ ಬರೆದದ್ದಕ್ಕೆ ಯಾರಾದರೂ ಇದು ಶುದ್ಧ ಇಲ್ಲ ಅಂದರೆ ಅಪ್ಪ ಉತ್ತರ ಕೊಡುತ್ತಾರೆ, ಬೇಂದ್ರೆಯವರು ಜ್ಞಾನಪೀಠ ತಂದದ್ದು ಈ ನೆಲದ ಮಾತಿನಿಂದಲೇ.

ಅಪ್ಪಾ, ಮೊದಲ ಭಾನುವಾರ ಪಟ್ಟಿಯಲ್ಲಿ ನಿಮ್ಮ ಹೆಸರು ಇರಲಿ. ಐದೇ ನಿಮಿಷ, ವಿವರಣೆ ಇಲ್ಲದೆ ಬರೀ ಪದ್ಯ. ನೀವು ಮೀರಿದರೆ ತಮ್ಮ ಎದ್ದು ನಿಲ್ಲುತ್ತಾನೆ, ಬೇಜಾರು ಮಾಡಿಕೊಳ್ಳಬೇಡಿ, ಅಪ್ಪನಿಗೇ ಹಾಗೆ ಮಾಡಿದ ಅಂದರೆ ಉಳಿದವರು ತಾವಾಗಿಯೇ ಹೊತ್ತು ಪಾಲಿಸುತ್ತಾರೆ. ಅವ್ವಾ, ನೀನು ಬೀಸುವ ಕಲ್ಲಿನ ಪದ ಹೇಳು. ಹಾಡಾಕ ಬರೂದಿಲ್ಲ ಅನ್ನಬೇಡ, ನಿನ್ನ ದನಿ ನನಗೆ ಗೊತ್ತು. ನಿನಗೆ ಬರುವ ಪದಗಳಲ್ಲಿ ಅರ್ಧ ಎಲ್ಲೂ ಬರೆದಿಟ್ಟಿಲ್ಲ, ನಿನ್ನ ಬಾಯಲ್ಲಿ ಕೇಳಿಯೇ ಆ ಖೋಲಿಯ ಹುಡುಗಿಯರು ಕಲಿಯಬೇಕು.

ಕಾಕಾ ಒಪ್ಪಿದ ಕೂಡಲೇ ನನಗೆ ಫೋನ್ ಮಾಡಿ. ಈಗ ಇಲ್ಲಿಗಿಂತ ನೀವು ನಾಲ್ಕೂವರೆ ತಾಸು ಮುಂದೆ, ಅಲ್ಲಿ ಸಂಜೆ ಐದಕ್ಕೆ ಶುರು ಮಾಡಿದರೆ ಇಲ್ಲಿ ಹನ್ನೆರಡೂವರೆ. ಭಾನುವಾರ ನನಗೆ ಡ್ಯೂಟಿ ಇಲ್ಲ, ವಿಡಿಯೊದಲ್ಲಿ ಕೂತು ಪೂರ್ತಿ ಕೇಳುತ್ತೇನೆ. ಪಟ್ಟಿಯ ಕೊನೆಯ ಗೆರೆ ಖಾಲಿ ಉಳಿದರೆ ಅಲ್ಲಿ ನನ್ನ ಹೆಸರು ಬರಿ, ಆದರೆ ಬಂದವರೆಲ್ಲ ಓದಿದ ಮೇಲೆ.

ಕಾಕಾ, ಕಾಕುಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ ಮಗಳು