‘ಪಥೇರ್ ಪಾಂಚಾಲಿ’ ಕಾಣಿಸಿಕೊಟ್ಟವರಿಗೆಲ್ಲ ವಂದನೆ

ಕಾದಂಬರಿ ಓದಿ, ಅದರ ಸಿನಿಮಾ ನೋಡುವ ನಮ್ಮ ಸರಣಿ, ಬಿಭೂತಿಭೂಷಣರು ಬರೆದು ಸತ್ಯಜಿತ್ ರಾಯ್ ತೆರೆಗೆ ತಂದ ‘ಪಥೇರ್ ಪಾಂಚಾಲಿ’ಯೊಂದಿಗೆ ಮುಗಿಯಿತು. ಕೈಜೋಡಿಸಿದವರಿಗೆಲ್ಲ ನಮಸ್ಕಾರ. ಮೊದಲ ವಂದನೆ ಮಾತ್ರ ನಮ್ಮನ್ನು ಕಂಡೂ ಇರದವರಿಗೆ.

1993ರಲ್ಲಿ ಲಂಡನ್ನಿನ ಲ್ಯಾಬೊಂದಕ್ಕೆ ಬೆಂಕಿ ಬಿದ್ದು ಈ ಸಿನಿಮಾದ ಮೂಲ ನೆಗೆಟಿವ್ (ಪ್ರತಿಗಳನ್ನು ತೆಗೆಯುವ ಮೊದಲ ಫಿಲ್ಮ್) ಸುಟ್ಟಿತು. ಕೆಲಸಕ್ಕೆ ಬಾರದಂತಿದ್ದ ಆ ರೀಲುಗಳನ್ನು ಆಸ್ಕರ್ ಕೊಡುವ ಸಂಸ್ಥೆಯ ಸಂಗ್ರಹಾಲಯ ಅಕಾಡೆಮಿ ಫಿಲ್ಮ್ ಆರ್ಕೈವ್ ಎಸೆಯದೆ ಕಾಪಾಡಿತು. ಮುಂದೆ ಇಟಲಿಯ ಬೊಲೊನ್ಯಾದ ತಂತ್ರಜ್ಞರು, ಮುಟ್ಟಿದರೆ ಮುರಿಯುವಂತಿದ್ದ ಫಿಲ್ಮನ್ನು ದ್ರಾವಣದಲ್ಲಿ ಮೆದುಗೊಳಿಸಿ, ಕರಗಿ ಮೆತ್ತಿದ್ದ ಟೇಪು, ಅಂಟು ಬಿಡಿಸಿ, ಅಂಚಿನ ತೂತುಗಳನ್ನು ಕೈಯಿಂದಲೇ ಸರಿಪಡಿಸಿದರು. ತೂತು ಹರಿದಿದ್ದರೆ ಫ್ರೇಮು ನಿಂತಲ್ಲಿ ನಿಲ್ಲದು, ಚಿತ್ರ ಕುಣಿಯುತ್ತದೆ. ಇಷ್ಟಾದರೂ ಮೂಲ ನೆಗೆಟಿವಿನಿಂದ ದಕ್ಕಿದ್ದು ಸುಮಾರು ಶೇ 40. ಮಿಕ್ಕಿದ್ದು ಬೇರೆ ಪ್ರತಿಗಳದ್ದು. ಹೀಗೆ ಸಿದ್ಧವಾದ 2015ರ 4ಕೆ ಡಿಜಿಟಲ್ ಪ್ರತಿಯಲ್ಲಿ ಕೆಲವು ಶಾಟ್ ತುಸು ಮಂಕಾಗಿ ಕಂಡರೆ ಅದಕ್ಕೇ. ಪ್ರೊಜೆಕ್ಟರ್ ತಿರುಚಲು ಹೋಗಬೇಡಿ.

ತೆರೆಯ ಹೊಣೆ ಹೊತ್ತ ಗೆಳೆಯರಿಗೆ ವಿಶೇಷ ಧನ್ಯವಾದ. ಅಗಲ ತೆರೆ ತುಂಬಿಸುವ ಆಸೆಗೆ ಬೀಳದೆ 1.37:1 ಅಳತೆಯನ್ನೇ (ಎತ್ತರದ 1.37 ಪಟ್ಟು ಅಗಲ) ಉಳಿಸಿದಿರಿ. ಜೂಮ್ ಮಾಡಿದ್ದರೆ ಮೇಲೂ ಕೆಳಗೂ ಕತ್ತರಿ ಬಿದ್ದು, ರೈಲಿನ ದೃಶ್ಯದ ಆಕಾಶವೇ ಹೋಗುತ್ತಿತ್ತು. ಮೋಷನ್ ಸ್ಮೂದಿಂಗ್ ಆಫ್ ಮಾಡಿದ್ದೂ ಸರಿ. ಅದು ಸೆಕೆಂಡಿನ 24 ಫ್ರೇಮುಗಳ ನಡುವೆ ಇಲ್ಲದ ಫ್ರೇಮು ತುರುಕಿ ಎಂಥ ಸಿನಿಮಾವನ್ನೂ ಟಿವಿ ಧಾರಾವಾಹಿ ಮಾಡಿಬಿಡುತ್ತದೆ. ಧ್ವನಿ ಸಮ ಮಾಡುವ ಆಟೊ ವಾಲ್ಯೂಮನ್ನೂ ತೆಗೆದಿದ್ದಿರಿ. ಅಪು, ದುರ್ಗಾರ ತಾಯಿ ಸರ್ವಜಯಾ ಬಾಯಿಬಿಟ್ಟು ಅಳುವಾಗ ಕೇಳುವುದು ಅವಳ ದನಿಯಲ್ಲ, ತಾರ್ ಶಹನಾಯ್ ಎಂಬ ತಂತಿವಾದ್ಯ. ಆ ಏರು ಅಲ್ಲಿ ತಗ್ಗಿದರೆ ದೃಶ್ಯಕ್ಕೆ ಉಸಿರೇ ಇಲ್ಲ.

ಕಾದಂಬರಿ ಓದಿಕೊಂಡೇ ಬಂದವರ ಋಣವೂ ದೊಡ್ಡದು. ದುರ್ಗಾ ಕದ್ದದ್ದು ಪುಸ್ತಕದಲ್ಲಿ ಚಿನ್ನದ ಭರಣಿ, ತೆರೆಯ ಮೇಲೆ ಮಣಿಸರ. ತಮ್ಮ ಅಪು ಅದನ್ನು ಎಸೆಯುವುದು ಅಲ್ಲಿ ಬಿದಿರ ಮೆಳೆಗೆ, ಇಲ್ಲಿ ಕೊಳಕ್ಕೆ ಎಂದು ತೋರಿಸಿಕೊಟ್ಟವರು ನೀವೇ. ಮೆಳೆಗೆ ಬಿದ್ದದ್ದು ಕಣ್ಣಿಗೆ ಕಾಣದು. ಕೊಳದಲ್ಲಾದರೆ ಪಾಚಿ ಬಾಯಿ ತೆರೆದು, ಮೆಲ್ಲಗೆ ಮುಚ್ಚಿಕೊಳ್ಳುವುದು ಕಾಣುತ್ತದೆ. ಅಕ್ಕನ ಗುಟ್ಟು ಮುಚ್ಚಿತೆಂದು ಹೇಳಲು ಸತ್ಯಜಿತ್ ರಾಯ್‌ಗೆ ಒಂದು ಮಾತೂ ಬೇಕಾಗಲಿಲ್ಲ. ರೈಲಿನ ವಿಷಯದಲ್ಲಿ ಮಾತ್ರ ನಮ್ಮ ಒಲವು ಪುಸ್ತಕದ ಕಡೆಗೇ: ತೆರೆಯ ಮೇಲೆ ಅಕ್ಕ ತಮ್ಮ ಇಬ್ಬರೂ ರೈಲಿನತ್ತ ಓಡುತ್ತಾರೆ; ಬಿಭೂತಿಭೂಷಣರ ದುರ್ಗಾ ರೈಲು ನೋಡದೆಯೇ ಸಾಯುತ್ತಾಳೆ. ಈ ಚರ್ಚೆ ಇನ್ನೂ ಮುಗಿದಿಲ್ಲ ಬಿಡಿ.

ಕಾಶಿಯ ಭಾಗ ಸಿನಿಮಾದಲ್ಲಿಲ್ಲವೆಂದು ಓದದೆ ಬಿಟ್ಟವರು ಪುಸ್ತಕ ಮರಳಿಸುವ ಮುನ್ನ ಓದಿಬಿಡಿ. ಇದರ ಮುಂದಿನ ಸಿನಿಮಾ ‘ಅಪರಾಜಿತೊ’ (1956) ಶುರುವಾಗುವುದೇ ಅಲ್ಲಿಂದ.