ಕೇಳಿಬಿಡು, ಪುಟ್ಟಿ

ಮೈಸೂರು
ಗುರುವಾರ, ಬೆಳಗಿನ ಜಾವ

ಚಿರಂಜೀವಿ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನೆ ರಾತ್ರಿ ಫೋನ್ ಮಾಡಿ ನಿನ್ನನ್ನು ಗಾಬರಿಪಡಿಸಿದೆ. ಏನಾದರೂ ನೆಪ ಹೇಳಿ ನಿನ್ನ ತರಗತಿಯ ಆ ಹುಡುಗನ ಮನೆಗೆ ಫೋನ್ ಮಾಡು ಎಂದೆ, ನೀನು ಮಾಡಿದೆ. ಅವನು ಮನೆಯಲ್ಲೇ ಇದ್ದಾನೆ, ಅಜ್ಜಿ ಅವನ ಪಕ್ಕದಲ್ಲೇ ಮಲಗುತ್ತಾರೆ ಎಂದು ನೀನು ತಿಳಿಸಿದ ಮೇಲೆ ನನಗೆ ಉಸಿರು ಬಂತು. "ಸಾಯುವ ಯೋಚನೆ ಇದೆಯೇ ಎಂದು ನಾಳೆಯೇ ಅವನನ್ನು ಕೇಳು" ಎಂದು ಹೇಳಿ ಇಟ್ಟುಬಿಟ್ಟೆ. ಏಕೆ ಅಷ್ಟು ಒತ್ತಿ ಹೇಳಿದೆ ಎನ್ನುವುದು ಬಾಯಲ್ಲಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಆರು ಗಂಟೆಯ ಮಳವಳ್ಳಿ ಬಸ್ಸಿಗೆ ನಿನ್ನ ತಮ್ಮ ಹೊರಡುತ್ತಾನೆ. ಪ್ರಾರ್ಥನೆಯ ಗಂಟೆಗೆ ಮುಂಚೆ ನಿನ್ನ ಕೈಗೆ ಇದು ಸೇರಬೇಕು.

ಬಾಡಿಗೆ ಮನೆಯ ನೀರಿನ ತಾಪತ್ರಯ, ಜನಗಣತಿ ಕೆಲಸದ ಗೊಣಗಾಟ, ಅದೆಲ್ಲ ಆಮೇಲಾಗಲಿ. ನಾಲ್ಕು ಪುಟದ ನಿನ್ನ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದೇ ಸಾಲು. "ಕೇಳಿಬಿಟ್ಟರೆ, ಅವನಿಗೆ ಇಲ್ಲದ ಯೋಚನೆಯನ್ನು ನಾನೇ ತಲೆಗೆ ತುಂಬಿದ ಹಾಗಾಗುತ್ತದೆಯೇನೋ ಎಂದು ಭಯ, ದೊಡ್ಡಮ್ಮ." ಒಮ್ಮೆ ಬರೆದು, ಹೊಡೆದುಹಾಕಿ, ಕೆಳಗೆ ಮತ್ತೆ ಅದನ್ನೇ ಬರೆದಿದ್ದೀಯೆ. ಹೊಡೆದುಹಾಕಿದ ಸಾಲಿನ ಮೇಲೆ ಪೆನ್ನು ಎಷ್ಟು ಒತ್ತಿದೆ ಎಂದರೆ ಹಾಳೆಯ ಹಿಂದೆ ಗೀಟು ಮೂಡಿದೆ.

ಆ ಭಯವನ್ನು ನಾನೂ ಇಪ್ಪತ್ತು ವರ್ಷ ಇಟ್ಟುಕೊಂಡಿದ್ದೆ. ಅದನ್ನು ಜಾಣತನ ಎಂದುಕೊಂಡಿದ್ದೆ.

1993ರ ಜನವರಿ. ಮದ್ದೂರಿನ ಕಡೆಯ ಒಂದು ಶಾಲೆಯಲ್ಲಿದ್ದೆ. ಹತ್ತನೆಯ ತರಗತಿಯಲ್ಲಿ ಒಬ್ಬಳು ಹುಡುಗಿ, ಲೆಕ್ಕದಲ್ಲಿ ಬಹಳ ಚುರುಕು. ಅವಳಿಗೆಂದು ನಾನು ಹಳೆಯ ಪ್ರಶ್ನೆಪತ್ರಿಕೆಗಳ ಒಂದು ಕಟ್ಟು ಕೊಟ್ಟಿದ್ದೆ. ಒಂದು ದಿನ ಅದನ್ನು ಹೊಸ ಕಾಗದದಲ್ಲಿ ಸುತ್ತಿ, ದಾರ ಕಟ್ಟಿ ತಂದುಕೊಟ್ಟಳು. "ಇನ್ನು ಬೇಕಾಗುವುದಿಲ್ಲ ಮಿಸ್" ಎಂದಳು. ಪರೀಕ್ಷೆಗೆ ಎರಡು ತಿಂಗಳಿತ್ತು ಪುಟ್ಟಿ. ಪರೀಕ್ಷೆ ಮುಂದಿರುವಾಗ ಪ್ರಶ್ನೆಪತ್ರಿಕೆ ಬೇಡ ಎನ್ನುವ ಹುಡುಗಿ ಏನು ಹೇಳುತ್ತಿದ್ದಾಳೆ ಎಂದು ನನಗೆ ಅರ್ಥವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಎದೆಯಲ್ಲಿ ಏನೋ ಚುಚ್ಚಿತು. ಮುಖ್ಯೋಪಾಧ್ಯಾಯರ ಬಳಿ ಹೋಗಿ ಹೇಳಿದೆ. "ಬೆಳೆಯುವ ವಯಸ್ಸಿನ ಹುಡುಗಿಯರು, ಕೆದಕಬೇಡಿ. ಕೆದಕಿದರೆ ಇಲ್ಲದ್ದೂ ಹುಟ್ಟುತ್ತದೆ" ಎಂದರು. ಆ ಮಾತು ಕೇಳಿ ನನಗೆ ಬೇಸರವಾಗಲಿಲ್ಲ, ಹಗುರವಾಯಿತು. ಕೇಳದೆ ಇರಲು ದೊಡ್ಡವರೊಬ್ಬರ ಅಪ್ಪಣೆ ಸಿಕ್ಕಿದಂತಾಯಿತು. ಅವರ ಮಾತನ್ನು ನಾನು ಮರೆತೇನು, ಆ ಹಗುರವನ್ನು ಮರೆಯಲಾರೆ.

ಮೂರು ದಿನ ಅವಳು ಬಂದಳು. ನಾಲ್ಕನೆಯ ದಿನ ಬರಲಿಲ್ಲ. ಹೊಟ್ಟೆನೋವು, ಮೈಸೂರಿನ ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ಸುದ್ದಿ ಬಂತು. ಆತ್ಮಹತ್ಯೆಗೆ ಯತ್ನಿಸುವುದು ಆಗ ಅಪರಾಧ, 309ನೇ ಕಲಂ ಎಂದರೆ ಮನೆಯವರಿಗೆ ಪೊಲೀಸರ ಭಯ. ಹಾಗಾಗಿ ಹೊಟ್ಟೆನೋವು ಎಂದೇ ಹೇಳುತ್ತಿದ್ದರು. ನಾವೂ ಹೊಟ್ಟೆನೋವು ಎಂದೇ ಹಾಜರಿ ಪುಸ್ತಕದಲ್ಲಿ ಬರೆದೆವು, ಹಾಗೆಂದೇ ನಂಬಿದೆವು. ಹುಡುಗಿ ಉಳಿದುಕೊಂಡಳು. ತಿಂಗಳಾದ ಮೇಲೆ ಅವಳ ತಾಯಿ ವರ್ಗಾವಣೆ ಪತ್ರ ಕೇಳಿಕೊಂಡು ಬಂದರು, ಮಗಳನ್ನು ದೂರದ ತಂಗಿಯ ಮನೆಯಲ್ಲಿ ಬಿಡುತ್ತಾರಂತೆ. ನಾನು ಬರೆಯುತ್ತಿರುವಾಗ ಮೇಜಿನ ಅಂಚು ಹಿಡಿದುಕೊಂಡು ಮೆಲ್ಲಗೆ ಕೇಳಿದರು. "ನಿಮ್ಮ ಹತ್ತಿರ ಏನಾದರೂ ಹೇಳಿದ್ದಳೇ ಮೇಡಂ? ನಿಮ್ಮ ಮೇಲೆ ಅವಳಿಗೆ ಪ್ರಾಣ."

"ಇಲ್ಲಮ್ಮ" ಎಂದೆ. ಅದು ನಿಜವೂ ಹೌದು. ಅವಳು ಹೇಳಿರಲಿಲ್ಲ, ಏಕೆಂದರೆ ನಾನು ಕೇಳಿರಲಿಲ್ಲ. ಶಾಲೆ ಬಿಡಲು ಕಾರಣ ಎನ್ನುವ ಕಡೆ "ಪೋಷಕರ ಕೋರಿಕೆಯ ಮೇರೆಗೆ" ಎಂದು ನನ್ನ ಕೈಯಿಂದಲೇ ಬರೆದೆ. ಮೈಸೂರಿನ ಆಸ್ಪತ್ರೆಗೆ ಒಂದು ದಿನವೂ ಹೋಗಿ ನೋಡಲಿಲ್ಲ. ಮುಖ ನೋಡಿ ಏನು ಮಾತನಾಡಲಿ ಎಂಬ ಹಿಂಜರಿಕೆ. ನೋಡು, ಅಲ್ಲಿಯೂ ಅದೇ ಭಯ. ಈಗ ಅವಳು ಎಲ್ಲಿದ್ದಾಳೋ ನನಗೆ ಗೊತ್ತಿಲ್ಲ. ನಲವತ್ತೇಳು, ನಲವತ್ತೆಂಟು ವಯಸ್ಸಾಗಿರಬೇಕು. ಆ ಕಟ್ಟು ಇನ್ನೂ ನನ್ನ ಕಪಾಟಿನಲ್ಲಿದೆ, ದಾರ ಬಿಚ್ಚಿಲ್ಲ.

ನಿವೃತ್ತಿಗೆ ಮೂರು ವರ್ಷ ಇರುವಾಗ ಇಲ್ಲೇ ಮೈಸೂರಿನಲ್ಲಿ ಒಂದು ತರಬೇತಿಗೆ ಹಾಕಿದ್ದರು. ಹೋಗಲು ಮನಸ್ಸಿರಲಿಲ್ಲ. ಅಲ್ಲಿ ಮನೋವೈದ್ಯೆಯೊಬ್ಬರು, ನಿನಗಿಂತ ಸ್ವಲ್ಪ ದೊಡ್ಡವರಿರಬಹುದು, ಒಂದು ಮಾತು ಹೇಳಿದರು. ಸಾಯುವ ಯೋಚನೆ ಬರುತ್ತಿದೆಯೇ ಎಂದು ಕೇಳಿದ್ದರಿಂದ ಯಾರಿಗೂ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ, ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನೇ ಹೇಳುತ್ತದೆ, ಕೇಳಿದರೆ ಎಷ್ಟೋ ಜನರಿಗೆ ಒಳಗಿನ ಬಿಗಿ ಸಡಿಲವಾಗುತ್ತದೆ ಎಂದರು. ಉಳಿದವರು ಟಿಪ್ಪಣಿ ಬರೆದುಕೊಂಡರು. ನಾನು ಎದ್ದು ಹೊರಗೆ ಹೋಗಿ ನಲ್ಲಿಯ ಹತ್ತಿರ ನಿಂತುಕೊಂಡೆ.

ಆಗ ನೆನಪಾದದ್ದು ನಮ್ಮ ಗದ್ದೆ. ನಾಲೆಯಲ್ಲಿ ನೀರು ಬಂದು ನಿಂತಿರುತ್ತಿತ್ತು, ನೀರುಗಂಟಿ ಬಂದು ತೂಬು ಎತ್ತುತ್ತಿದ್ದ. ಅವನು ಎತ್ತಿದ್ದಕ್ಕೇ ನೀರು ಹುಟ್ಟಿತು ಎಂದು ಚಿಕ್ಕವಳಿದ್ದಾಗ ನಾನು ನಂಬಿದ್ದೆ. ಕನ್ನಂಬಾಡಿಯಿಂದ ಅದು ಎಷ್ಟು ದಿನದಿಂದ ಹರಿದು ಬಂದಿದೆ, ಏರಿಯ ಮೇಲೆ ಎಷ್ಟು ಒತ್ತುತ್ತಿದೆ ಎಂದು ನಿನ್ನ ತಾತ ನಡೆಸಿಕೊಂಡು ಹೋಗಿ ತೋರಿಸಿದ್ದರು. ಆ ಹುಡುಗ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ "ನಾನು ಇಲ್ಲದಿದ್ದರೆ ಮನೆಯಲ್ಲಿ ಎಲ್ಲರಿಗೂ ಸಲೀಸು" ಎಂದು ಬರೆದಿದ್ದಾನೆ. ಕಂಪಾಸ್ ಪೆಟ್ಟಿಗೆಯನ್ನು ಗೆಳೆಯನಿಗೆ ಕೊಟ್ಟುಬಿಟ್ಟಿದ್ದಾನೆ. ನೀನು ಹೊಸದಾಗಿ ತುಂಬುವುದಕ್ಕೆ ಅಲ್ಲಿ ಏನು ಉಳಿದಿದೆ ಪುಟ್ಟಿ? ನೀರು ಆಗಲೇ ಏರಿಯವರೆಗೆ ಬಂದಿದೆ.

ಹೇಗೆ ಕೇಳಬೇಕು ಎಂದು ಕೇಳಿದ್ದೀಯೆ. ಒಂದು ಸಲ ತಪ್ಪಿಸಿಕೊಂಡವಳು ನಾನು, ನನ್ನಿಂದ ನೀನು ಏನು ಕಲಿಯಬೇಕೋ. ಆದರೂ ತೋಚಿದ್ದನ್ನು ಹೇಳುತ್ತೇನೆ. ಸ್ಟಾಫ್ ರೂಮಿಗೆ ಕರೆಸಬೇಡ, ಅಲ್ಲಿ ನಾಲ್ಕು ಕಿವಿ ಇರುತ್ತವೆ, ಕರೆಸಿದ ಕೂಡಲೇ ತರಗತಿಯೆಲ್ಲ ತಿರುಗಿ ನೋಡುತ್ತದೆ. ನೋಟ್‌ಬುಕ್ಕುಗಳನ್ನು ಎತ್ತಿಕೊಂಡು ಬಾ ಎಂದು ಹೇಳು, ಜೊತೆಯಲ್ಲಿ ನಡೆ. ಗಂಡುಮಕ್ಕಳಿಗೆ ಮುಖಕ್ಕೆ ಮುಖ ಕೊಟ್ಟು ಕೂತು ಮಾತನಾಡುವುದಕ್ಕಿಂತ ಪಕ್ಕದಲ್ಲಿ ನಡೆಯುತ್ತ ಮಾತನಾಡುವುದು ಸುಲಭ. "ನೀನು ಬರೆದದ್ದನ್ನು ನೋಡಿದೆ" ಎಂದು ಹೇಳು. ಆಮೇಲೆ ಸುತ್ತಿ ಬಳಸದೆ, "ಸಾಯಬೇಕು ಅನ್ನಿಸುತ್ತಿದೆಯೇನಪ್ಪ?" ಎಂದು ಕೇಳು. "ಏನೂ ಕೆಟ್ಟ ಯೋಚನೆ ಇಲ್ಲ ತಾನೇ?" ಎಂದು ಮಾತ್ರ ಕೇಳಬೇಡ. ಹಾಗೆ ಕೇಳಿದರೆ ಇಲ್ಲ ಎನ್ನುವ ಉತ್ತರವನ್ನು ನಾವೇ ಅವನ ಬಾಯಿಗೆ ಇಟ್ಟ ಹಾಗೆ. ಕೇಳಿದ ಮೇಲೆ ಸುಮ್ಮನಿರು. ಆ ಮೌನ ಬಹಳ ಉದ್ದ ಅನ್ನಿಸುತ್ತದೆ, ಇರಲಿ. ಅಪ್ಪ ಅಮ್ಮನ ಮುಖ ನೋಡು, ನಿನ್ನ ವಯಸ್ಸಿಗೆ ಇದೆಲ್ಲ ಏನು ಎನ್ನುವ ಮಾತು ನಾಲಿಗೆಯ ತುದಿಗೆ ಬರುತ್ತದೆ. ನುಂಗಿಕೊ.

ನಾನು ಮೊದಲ ಸಲ ಹಾಗೆ ಕೇಳಿದ್ದು 2015ರಲ್ಲಿ. ಕಬ್ಬಿನ ಬಾಕಿ, ಸಾಲ, ನಮ್ಮ ಜಿಲ್ಲೆಯ ರೈತರ ಸಾವಿನ ಸುದ್ದಿ ಮೇಲಿಂದ ಮೇಲೆ ಪತ್ರಿಕೆಯಲ್ಲಿ ಬರುತ್ತಿದ್ದ ವರ್ಷ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಬಿಸಿಯೂಟದ ತಟ್ಟೆಯನ್ನು ಮುಟ್ಟದೆ ಎದ್ದುಹೋಗುತ್ತಿದ್ದ. ಕೇಳಿದೆ, ನನ್ನ ಕೈ ನಡುಗುತ್ತಿತ್ತು. ಅವನು ನನ್ನನ್ನೇ ನೋಡಿ "ನಿಮಗೆ ಹೇಗೆ ಗೊತ್ತಾಯಿತು ಮಿಸ್?" ಎಂದ. ಅಷ್ಟೇ. ಆಮೇಲೆ ಅರ್ಧ ಗಂಟೆ ಅವನೇ ಮಾತನಾಡಿದ. ಆ ವರ್ಷವೇ ಇನ್ನೊಬ್ಬಳನ್ನು ಕೇಳಿದಾಗ, "ಛೇ, ಅಂಥದ್ದೇನಿಲ್ಲ ಮಿಸ್, ಚಿಕ್ಕಪ್ಪನ ಮನೆಯಲ್ಲಿ ಇರಲು ಬೇಸರ" ಎಂದಳು. ನನ್ನ ಪ್ರಶ್ನೆ ಅವಳಿಗೆ ಏನನ್ನೂ ಅಂಟಿಸಲಿಲ್ಲ. ಮಾರನೆಯ ದಿನದಿಂದ ನನ್ನ ಮೇಜಿನ ಹತ್ತಿರದ ಬೆಂಚಿಗೆ ಬಂದು ಕೂರತೊಡಗಿದಳು. ಇವರಿಬ್ಬರನ್ನು ಕೇಳಿದ್ದರಿಂದ 1993ರ ಲೆಕ್ಕ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ.

ಯಾರಿಗೂ ಹೇಳಬೇಡಿ ಎಂದು ಅವನು ಆಣೆ ಕೇಳಬಹುದು. ಕೊಡಬೇಡ. ನಿನ್ನನ್ನು ಉಳಿಸಲು ಬೇಕಾದವರಿಗೆ ಮಾತ್ರ ಹೇಳುತ್ತೇನೆ, ಯಾರಿಗೆ ಎಂದು ಮೊದಲು ನಿನಗೇ ತಿಳಿಸುತ್ತೇನೆ ಎನ್ನು. ಹೌದು ಎಂದನಾದರೆ ಇವತ್ತು ಅವನನ್ನು ಒಬ್ಬನನ್ನೇ ಮನೆಗೆ ಕಳುಹಿಸಬೇಡ. ಅಜ್ಜಿಯನ್ನೋ ತಾಯಿಯನ್ನೋ ಶಾಲೆಗೆ ಕರೆಸಿ, ಕೈಗೆ ಒಪ್ಪಿಸು. ಬೇಸಾಯದ ಮನೆ, ಬೆಳೆಗೆ ಹೊಡೆಯುವ ಔಷಧಿ ಮೂಲೆಯಲ್ಲಿ ಇದ್ದೇ ಇರುತ್ತದೆ. ಅದನ್ನು ಇವತ್ತೇ ಮನೆಯಿಂದ ಆಚೆ ಸಾಗಿಸಿ ಬೇರೆಯವರ ಬೀಗದಲ್ಲಿ ಇಡಿಸಬೇಕು. ಇದನ್ನು ಹೇಳಲು ಮುಜುಗರವಾಗುತ್ತದೆ, ಆದರೂ ಹೇಳು, ಬೇರೆ ಎಲ್ಲದಕ್ಕಿಂತ ಮೊದಲು ಇದನ್ನು ಹೇಳು.

14416 ಎಂಬ ಸಂಖ್ಯೆಯನ್ನು ಬರೆದುಕೊ. ಟೆಲಿ ಮಾನಸ್ ಎಂದು, ಮನಸ್ಸಿನ ಕಷ್ಟಕ್ಕೆ ಇರುವ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಸರ್ಕಾರ ಆರಂಭಿಸಿದ್ದು, ನಿಮ್ಹಾನ್ಸ್ ಅದಕ್ಕೆ ಮುಖ್ಯ ಕೇಂದ್ರ. ಹಗಲು ರಾತ್ರಿ ಕನ್ನಡದಲ್ಲೇ ಮಾತನಾಡುತ್ತಾರೆ, ದುಡ್ಡು ಬೀಳುವುದಿಲ್ಲ. ಅವನ ಕೈಯಿಂದಲೇ ಮಾಡಿಸಬೇಕೆಂದಿಲ್ಲ. ಏನು ಮಾತನಾಡಲಿ ಎಂದು ನೀನೇ ಬೆಳಿಗ್ಗೆ ಮೊದಲು ಅವರನ್ನು ಕೇಳಬಹುದು, ನನಗಿಂತ ಚೆನ್ನಾಗಿ ಹೇಳುತ್ತಾರೆ. ಮಂಡ್ಯದ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ, ಕರೆದುಕೊಂಡು ಹೋಗುವುದಾದರೆ ನೀನೂ ಜೊತೆಗೆ ಹೋಗು. ನಾನು ಹೋಗದೆ ಉಳಿದದ್ದನ್ನು ಮೇಲೆ ಬರೆದಿದ್ದೇನೆ. ಮನೆಯವರು ಪೊಲೀಸ್ ಕೇಸು ಎಂದು ಹೆದರಿದರೆ, ಆ ಕಾಲ ಹೋಯಿತು ಎಂದು ಹೇಳು. 2017ರ ಮಾನಸಿಕ ಆರೋಗ್ಯ ಕಾಯ್ದೆ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿ ಇದ್ದವರು ಎಂದೇ ನೋಡುತ್ತದೆ, ಆರೈಕೆ ಕೊಡಬೇಕು ಎನ್ನುತ್ತದೆ. ಯಾರೋ ಅವನ ಮೈಮುಟ್ಟಿ ಕಾಟ ಕೊಟ್ಟಿದ್ದಾರೆ ಎಂದು ಮಾತಿನಲ್ಲಿ ಬಂದರೆ ಮಾತ್ರ ದಾರಿ ಬೇರೆ. ಅದು ಪೋಕ್ಸೊ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕಾಯ್ದೆ, ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು ಎಂದು ಕಾನೂನಿದೆ, ಮಕ್ಕಳ ಸಹಾಯವಾಣಿ 1098ಕ್ಕೂ ಫೋನ್ ಮಾಡು. ನಿನ್ನ ಮುಖ್ಯೋಪಾಧ್ಯಾಯಿನಿ ಒಳ್ಳೆಯವರು ಎಂದು ಬರೆದಿದ್ದೀಯೆ, ಮೊದಲ ಗಂಟೆಗೇ ಅವರಿಗೆ ಹೇಳು. ಒಬ್ಬಳೇ ಹೊರಬೇಡ. ಅವರು ಕೆದಕಬೇಡ ಎಂದರೂ ನೀನು ಕೇಳಬೇಕು.

ಪರೀಕ್ಷೆಯ ಭಯವೂ ಇದರಲ್ಲಿ ಸೇರಿದೆಯೋ ಏನೋ. ಹತ್ತನೆಯ ತರಗತಿಯ ಪರೀಕ್ಷೆಯನ್ನು ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಬರೆಯಬಹುದಲ್ಲ, ಅದನ್ನು ಅವನಿಗೆ ಹೇಳಬಹುದು. ಆದರೆ ಮೊದಲು ಅದನ್ನು ಹೇಳಬೇಡ, ಅವನ ಮಾತು ಮುಗಿಯಲಿ.

ತಪ್ಪಾಗಿ ಕೇಳಿಬಿಟ್ಟರೆ ಎಂದು ಈಗಲೂ ನಿನ್ನ ಮನಸ್ಸು ಅಳುಕುತ್ತಿರುತ್ತದೆ. ಮಾತು ತೊದಲಲಿ, ಕಣ್ಣಲ್ಲಿ ನೀರು ಬರಲಿ. ತೊದಲಿದ್ದನ್ನು ಮಾರನೆಯ ದಿನ ಸರಿಮಾಡಿಕೊಳ್ಳಬಹುದು. ನಾನು ಕೇಳದೆ ಬಿಟ್ಟದ್ದನ್ನು ಸರಿಮಾಡಲು ಮೂವತ್ತು ವರ್ಷದಲ್ಲಿ ನನಗೆ ಒಂದು ದಿನವೂ ಸಿಗಲಿಲ್ಲ.

ನಿನ್ನ ತಮ್ಮ ಎದ್ದು ಚೀಲ ಹುಡುಕುತ್ತಿದ್ದಾನೆ. ಡಬ್ಬಿಯಲ್ಲಿ ಚಕ್ಕುಲಿ ಇಟ್ಟಿದ್ದೇನೆ, ನೀನು ಬೆಳಿಗ್ಗೆ ಏನೂ ತಿಂದಿರುವುದಿಲ್ಲ. ಕೇಳಿದ ಮೇಲೆ, ಅವನನ್ನು ಯಾರ ಕೈಗಾದರೂ ಒಪ್ಪಿಸಿದ ಮೇಲೆ, ನನಗೆ ಫೋನ್ ಮಾಡು. ಎಷ್ಟು ಹೊತ್ತಾದರೂ ಮಾಡು. ಮೊಬೈಲನ್ನು ಮಡಿಲಲ್ಲೇ ಇಟ್ಟುಕೊಂಡಿರುತ್ತೇನೆ.

ನಿನ್ನ
ದೊಡ್ಡಮ್ಮ